ಪೋಸ್ಟರಿನಲ್ಲಿ ನಮ್ಮಪ್ಪ

ಬಸ್‌ಸ್ಟಾಪಿನ ಗೋಡೆಯ ಮೇಲೆ ಹೊಸ ಪೋಸ್ಟರ್. ಮಗನ ಹೆಗಲ ಮೇಲೆ ಕೈಯಿಟ್ಟ ಅಪ್ಪನ ಚಿತ್ರ. ಕೆಳಗೆ, ‘ಹುಡುಗನನ್ನು ಪ್ರೀತಿಸಿದರೂ ಮಗ ಮಗನೇ. ಅವನ ಮಾತು ಕೇಳಿ’ ಎಂಬ ಬರಹ, ಸಹಾಯವಾಣಿಯ ನಂಬರು. ಡ್ಯೂಟಿ ಮುಗಿಸಿ ನಿಂತಿದ್ದ ನರ್ಸಮ್ಮ ಕದ್ದು ಕೇಳುವವರಲ್ಲ. ಆದರೆ ಬೆನ್ನ ಹಿಂದೆಯೇ ಅಕ್ಕ ತಮ್ಮ ಮಾತಾಡುತ್ತಿದ್ದರೆ ಕಿವಿ ಮುಚ್ಚಿಕೊಳ್ಳಲಾಗುತ್ತದೆಯೇ?

“ಅಕ್ಕಾ, ಇದು ನಮ್ಮಪ್ಪ.”

“ಹೌದು. ಗಲ್ಲದ ಮಚ್ಚೇನೂ ಬಿಡದೆ ಬರೆದಿದೀನಿ.”

“ನನ್ನ ಬಟ್ಟೆ ಬೀದಿಗೆಸೆದವರನ್ನ ಇಷ್ಟು ಒಳ್ಳೆಯವರ ಥರ ಬರೆದಿದ್ದೀಯಲ್ಲ.”

“ಕೆಟ್ಟವರ ಥರ ಬರೆದಿದ್ರೆ ಮೀಸೆ ತಿರುವಿಕೊಂಡು ಓಡಾಡ್ತಿದ್ರು. ಈಗ ಅವರ ಅಂಗಡಿಗೆ ಬಂದವರೆಲ್ಲ ಕೈಕುಲುಕಿ, ಎಂಥ ದೊಡ್ಡ ಮನಸ್ಸು ನಿಮ್ಮದು ಅಂತಿದಾರಂತೆ.”

“ಅಪ್ಪ ಏನಂದ್ರಂತೆ?”

“ಹೊಗಳಿಕೆ ಬೇಡ ಅನ್ನೋ ಜನವಾ ಅವರು? ಹಲ್ಲು ಕಚ್ಚಿಕೊಂಡು ನಗ್ತಿದಾರೆ ಅಂತ ಅಮ್ಮ ಫೋನ್ ಮಾಡಿದ್ಲು.”

“ಬಂದು ಹರಿದುಹಾಕಿದ್ರೆ?”

“ಹಾಕಲಿ. ಎಲ್ಲರೆದುರು ತಮ್ಮ ಮುಖಾನೇ ಹರೀಬೇಕು.”

ಬಸ್ ಬಂತು. ಮೆಟ್ಟಿಲು ಹತ್ತುತ್ತಾ ತಮ್ಮ ಇನ್ನೊಮ್ಮೆ ತಿರುಗಿ ನೋಡಿದ.

“ಆ ಹುಡುಗ ಮಾತ್ರ ನಾನಲ್ಲ.”

“ಅಲ್ಲ. ಚಿತ್ರದಲ್ಲೂ ಅವರಿಗೆ ನಿನ್ನ ಹೆಗಲು ಮುಟ್ಟೋಕೆ ಬಿಡಲ್ಲ ನಾನು.”