ಗುಂಡಿ ತೋಡಿದ ಮೇಲೆ ನಡೆದದ್ದು

ಹೆಸರು: ನೋಟ್‌ಬುರ್ಗಾ ಫಾಲ್ಕ್‌ನರ್. ವಯಸ್ಸು: 44. ಉದ್ಯೋಗ: ಹಿಮ ಪರೀಕ್ಷಕಿ. ವಾಸ: ಓಬರ್‌ಗ್ರುಂಡ್ ಗ್ರಾಮ, ಟಿರೋಲ್, ಆಸ್ಟ್ರಿಯಾ.

ಠಾಣೆಗೆ ನಾನಾಗಿಯೇ ಬಂದು ಹೇಳಿ ಬರೆಸುವುದೇನೆಂದರೆ, ಹೊಸ ಹಿಮ ಬಿದ್ದಾಗಲೆಲ್ಲ ಬೆಟ್ಟಕ್ಕೆ ಹೋಗಿ, ಗುಂಡಿ ತೋಡಿ, ಹಿಮದ ಪದರಗಳನ್ನು ಪರೀಕ್ಷಿಸಿ ವರದಿ ಕಳಿಸುವುದು ನನ್ನ ಕೆಲಸ. ಒಬ್ಬಳೇ ಹೋಗಬಾರದೆಂದು ನನ್ನ ಅಣ್ಣ ಸೆರಾಫಿನ್, 51 ವರ್ಷ, ಜೊತೆಗೆ ಬರುತ್ತಿದ್ದನು.

ಫೆಬ್ರವರಿ 9ರಂದು ಬೆಳಿಗ್ಗೆ 9.50ಕ್ಕೆ ಉತ್ತರದ ಇಳಿಜಾರಿನ ತಲೆಯ ಬಳಿ ಗುಂಡಿ ತೋಡಿದೆನು. ಎರಡು ದಿನದಲ್ಲಿ 40 ಸೆಂ.ಮೀ. ಹಿಮ ಬಿದ್ದಿತ್ತು, ಗಾಳಿಯೂ ಇತ್ತು. ಇಳಿಜಾರು 36 ಡಿಗ್ರಿ. ಕಡಿದು ನಿಲ್ಲಿಸಿದ ಹಿಮದ ಕಂಬದ ಮೇಲೆ ಸಲಿಕೆಯಿಟ್ಟು ಕೈಯಿಂದ ತಟ್ಟಿದೆನು. ಹನ್ನೆರಡನೆಯ ಏಟಿಗೆ ಮೇಲಿನ ಹಿಮವೆಲ್ಲ ಒಂದೇ ಹಲಗೆಯಾಗಿ ಜಾರಿ ನನ್ನ ಮಡಿಲಿಗೆ ಬಿದ್ದಿತು. ಅದರಡಿಯ ಪದರ ಸಕ್ಕರೆಯಂತೆ ಬೆರಳ ಸಂದಿಯಲ್ಲಿ ಉದುರುತ್ತಿತ್ತು. ಭಾರ ಬಿದ್ದರೆ ಇಡೀ ಇಳಿಜಾರೇ ಹೀಗೆ ಜಾರಬಹುದೆಂಬುದಕ್ಕೆ ಇದು ಗುರುತು.

ಇಲ್ಲಿ ಇಳಿಯುವುದು ಬೇಡ, ಬಂದ ದಿಣ್ಣೆಯ ಮೇಲೇ ಹಿಂತಿರುಗೋಣ ಎಂದೆನು. ಅಣ್ಣನು "ನಿನ್ ಗುಂಡಿ ಯಾವತ್ತು ಒಳ್ಳೇ ಮಾತಾಡಿದೆ ಹೇಳು, ಡಾಕ್ಟರಮ್ಮ?" ಎಂದು ನಕ್ಕನು. "ಮುಂದಿನ ವಾರ ಮಂಡಿ ಕೊಯ್ತಾರೆ ಕಣೇ, ಆಮೇಲೆ ಸ್ಕೀ ಎಲ್ಲಿ? ಎಡಗಡೆ ಅಂಚು ಹಿಡ್ಕೊಂಡು ಒಂದೇ ಒಂದ್ಸಲ" ಎಂದನು. ನಾನು "ಅಂಚು ಬಿಡಬೇಡ" ಎಂದೆನು. ಇದನ್ನು ನನ್ನ ಒಪ್ಪಿಗೆ ಎಂದೇ ಬರೆದುಕೊಳ್ಳಬೇಕು.

10.42ಕ್ಕೆ ಅವನು ಸ್ಕೀ ಹಲಗೆಗಳ ಮೇಲೆ ಜಾರುತ್ತ ಇಳಿದನು. ಮೂರನೆಯ ತಿರುವಿನಲ್ಲಿ ಅವನ ಮೇಲ್ಗಡೆ ಸುಮಾರು 60 ಮೀಟರ್ ಉದ್ದಕ್ಕೆ ಹಿಮ ಸೀಳಿಕೊಂಡು ಜಾರತೊಡಗಿತು. ಅವನು ತಿರುಗಿ ನನ್ನತ್ತ ನೋಡಿದನು. ಆಮೇಲೆ ಕಾಣಲಿಲ್ಲ.

ತುರ್ತು ಸಂಖ್ಯೆಗೆ ಫೋನ್ ಮಾಡಿ, ಹಿಮ ಕಿತ್ತುಹೋಗಿದ್ದ ಜಾಡಿನಲ್ಲೇ ಇಳಿದೆನು. ಹೂತವರು ಮೈಗೆ ಕಟ್ಟಿಕೊಂಡಿರುವ ಬೀಕನ್‌ನ ಸಂಕೇತ ಹಿಡಿಯುವ ನನ್ನ ಯಂತ್ರದಲ್ಲಿ ಎರಡು ಸಂಕೇತ ಬಂದವು. ಕೆಳಗೆ ಬೇರೊಬ್ಬರು ಹತ್ತುತ್ತಿದ್ದದ್ದು ನಮಗಿಬ್ಬರಿಗೂ ತಿಳಿದಿರಲಿಲ್ಲ. ಯಾವುದು ಅಣ್ಣನದೆಂದು ಯಂತ್ರ ಹೇಳುವುದಿಲ್ಲ. ಹತ್ತಿರದ್ದಕ್ಕೆ ಹೋದೆನು.

1.1 ಮೀಟರ್ ಅಗೆದಾಗ ಕೆಂಪು ಟೋಪಿ ಕಂಡಿತು. ಅಣ್ಣನದು ನೀಲಿ. ಆ ಕ್ಷಣ ನನ್ನ ಕೈ ನಿಂತಿತು. ಎಷ್ಟು ಹೊತ್ತೆಂದು ಹೇಳಲಾರೆನು. ಮತ್ತೆ ಅಗೆದು 10.58ಕ್ಕೆ ಮುಖ ಬಿಡಿಸಿದೆನು. ಲಿಯಾಂಡರ್ ಎಂಬ ಶಾಲಾ ಮಾಸ್ತರರೆಂದು ಆಮೇಲೆ ತಿಳಿಯಿತು. ಉಸಿರಾಡುತ್ತಿದ್ದರು. ಎದೆಯವರೆಗೆ ಬಿಡಿಸಿ ಎದ್ದಾಗ ಅವರು ನನ್ನ ತೋಳು ಹಿಡಿದು "ಬಿಟ್ಟು ಹೋಗ್ಬೇಡ್ರೀ, ಅಮ್ಮಾ" ಎಂದರು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಅಣ್ಣನು ಅಲ್ಲಿಂದ 34 ಮೀಟರ್ ಕೆಳಗೆ, 1.9 ಮೀಟರ್ ಆಳದಲ್ಲಿದ್ದನು. ಸಲಿಕೆಯ ಹಿಡಿ ಮುರಿಯಿತು. ಉಳಿದ ತಗಡಿನಿಂದ ಅಗೆದೆನು. "ಅಣ್ಣಾ, ಬಂದೆ, ಬಂದೆ" ಎಂದು ಕೂಗುತ್ತಲೇ ಇದ್ದೆನು. 11.27ಕ್ಕೆ ಮುಖ ಸಿಕ್ಕಿತು. ಬಾಯಿ ತುಂಬ ಹಿಮವಿತ್ತು. ಹೆಲಿಕಾಪ್ಟರ್ ಬರುವವರೆಗೆ ಬಾಯಿಂದ ಉಸಿರು ಕೊಟ್ಟೆನು. ವೈದ್ಯರು ಇನ್ನು ಪ್ರಯೋಜನವಿಲ್ಲವೆಂದು ನನ್ನ ಭುಜ ಹಿಡಿದು ಎಬ್ಬಿಸಿದರು.

ಮಾಸ್ತರರನ್ನು ಹೆಲಿಕಾಪ್ಟರ್‌ಗೆ ಏರಿಸುವಾಗ ಇನ್ನೊಬ್ಬರು ಹೇಗಿದ್ದಾರೆಂದು ಅವರು ಕೇಳಿದರು. ಚೆನ್ನಾಗಿದ್ದಾನೆ, ನೀವು ಸುಮ್ಮನೆ ಮಲಗಿ ಎಂದೆನು. ಅವರು ನನಗೆ ಕೃತಜ್ಞತೆ ಹೇಳಬೇಕಂತೆ, ನನ್ನ ಅಣ್ಣನನ್ನೂ ನೋಡಬೇಕಂತೆ ಎಂದು ಆಸ್ಪತ್ರೆಯಿಂದ ನಿನ್ನೆ ಫೋನ್ ಬಂದಿತ್ತು.

ಓದಿ ಹೇಳಿದ್ದನ್ನು ಕೇಳಿದ್ದೇನೆ. ಮೇಲೆ ಬರೆಸಿದ್ದೆಲ್ಲ ನಡೆದಂತೆಯೇ ಇದೆ. ಮಾಸ್ತರರಿಗೆ ನಾನು ಹೇಳಿದ ಮಾತೊಂದು ನಿಜವಲ್ಲ. ಅದನ್ನು ಠಾಣೆಯವರೇ ಅವರಿಗೆ ತಿಳಿಸಬೇಕೆಂದು ಬೇಡಿಕೊಳ್ಳುತ್ತೇನೆ. ನನ್ನಿಂದ ಆಗುವುದಿಲ್ಲ.

ಸ್ಥಳ: ಓಬರ್‌ಗ್ರುಂಡ್
ದಿನಾಂಕ: ಫೆಬ್ರವರಿ 12
ಸಹಿ: ನೋಟ್‌ಬುರ್ಗಾ ಫಾಲ್ಕ್‌ನರ್ (ಬಲಗೈಗೆ ಪಟ್ಟಿ ಕಟ್ಟಿರುವುದರಿಂದ ಎಡಗೈಯಲ್ಲಿ)