ಸಸಿಗಳ ಬಾಣಂತನ

ಪಿ.ಜೆ. ಬಡಾವಣೆಯ ಹೆರಿಗೆ ಡಾಕ್ಟರ ಬಾಗಿಲಲ್ಲಿ ಚೀಟಿ ಹಿಡಿದು ಕೂತಿದ್ದ ಹರಿಹರದ ಲಕ್ಷ್ಮೀದೇವಿಗೆ, ಪಕ್ಕದ ಬೆಂಚಿನ ಅತ್ತೆ ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಸೊಸೆಗೆ ಇದು ಎರಡನೆಯದು, ತುಂಬಿದ ಒಂಬತ್ತು.

“ಅತ್ತೆ, ನಾನು ಸಸಿ ಬೆಳೆಸೋ ಡೇರೆ ಕೆಳಗಿನ ಕಿಂಡಿಗೆ ಬಟ್ಟೆ ತುರುಕಿದ್ದು ಯಾರು?”

“ನಾನೇ ಕಣವ್ವ. ಎಳೇ ಸಸಿ, ಥಂಡಿ ಹತ್ತಬಾರ್ದು ಅಂತ. ಮ್ಯಾಲಿನ ಫ್ಯಾನೂ ಆರಿಸಿದೆ.”

“ಕೋಣೆ ಒಳಗಿರೋ ಪ್ಲಾಸ್ಟಿಕ್ ಡೇರೆ ಅದು. ಕೆಳಗಿಂದ ತಣ್ಣನ್ ಗಾಳಿ ಬಂದು ಮ್ಯಾಲಿಂದ ಬಿಸಿ ಗಾಳಿ ಹೋಗ್ಬೇಕ್ರಿ.”

“ಬಾಣಂತಿ ಕೋಣ್ಯಾಗೆ ಹಂಗೆ ಗಾಳಿ ಬಿಡ್ತಾರೇನು? ಸಂಜೆಗೆ ಲೋಬಾನದ ಹೊಗೆನೂ ಹಾಕಿದ್ದೆ.”

“ಹೊಗೆನೂ ಹಾಕಿದ್ರಾ!”

“ಹ್ಞೂಂ. ಏನಾತೀಗ?”

“ಗಾಳಿ ಇಲ್ದೆ ತೇವ ನಿಂತು ಮೂರೇ ದಿನಕ್ಕೆ ಬುಡ ಕೊಳೆತು ಅರ್ಧ ಮೆಣಸಿನ ಸಸಿ ಮಲಗ್ಯಾವೆ.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು.

“ಹೆರಿಗೆ ಆದ್ಮ್ಯಾಲೆ ನನ್ನೂ ಹಂಗೇ ಮುಚ್ಚಿಡ್ತೀರೇನ್ರಿ, ಅತ್ತೆ?”

ಅಷ್ಟರಲ್ಲಿ ನರ್ಸ್ “ವನಜಾಕ್ಷಿ” ಎಂದು ಕೂಗಿದಳು. ಅತ್ತೆ ಸೊಸೆಯ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿದರು. ಬಾಗಿಲ ಪರದೆ ಸರಿಸುತ್ತ ಅವರು ಹೇಳಿದ್ದು ಲಕ್ಷ್ಮೀದೇವಿಗೆ ಸ್ಪಷ್ಟವಾಗಿಯೇ ಕೇಳಿಸಿತು.

“ಕಿಟಕಿ ತೆಗೀತೀನಿ, ಹೊಗೆನೂ ಹಾಕಲ್ಲ. ಕಿವಿಗೆ ಮಾತ್ರ ಬಟ್ಟೆ ಕಟ್ಟೇ ಕಟ್ತೀನಿ, ನೋಡವ್ವ.”