ಚಿಕ್ಕಮ್ಮನ ಮಾಹಿತಿಗೆ ಬೀಗ

ಒಂದು ನಿಮಿಷ ನಿಂತು ಇದನ್ನು ಕೇಳಿಬಿಡಿ! ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದ ನರ್ಸಮ್ಮನ ಮುಂದೆ ಇಬ್ಬರು ನಿಂತಿದ್ದರು. ಒಬ್ಬರು ಕ್ಯಾನ್ಸರ್ ಡಾಕ್ಟರಮ್ಮ. ಇನ್ನೊಬ್ಬಳು ಅವರ ಅಕ್ಕನ ಮಗಳು. ಎಲ್ಲ ಆಸ್ಪತ್ರೆಗಳ ಸಂಶೋಧಕರೂ ಮಾಹಿತಿ ಹಂಚಿಕೊಳ್ಳುವ ವೆಬ್‌ಸೈಟ್ ಕಟ್ಟುತ್ತಿರುವವಳು. ನರ್ಸಮ್ಮ ಫೋನ್ ನೋಡುವ ನಾಟಕವಾಡುತ್ತ ಕಿವಿಯನ್ನೆಲ್ಲ ಅತ್ತಲೇ ಇಟ್ಟಳು.

“ಚಿಕ್ಕಮ್ಮ, ಬೈಬಾರ್ದು. ನೀನು ಕೊಟ್ಟಿದ್ದ ಅಪರೂಪದ ಕ್ಯಾನ್ಸರ್ ಗೆಡ್ಡೆಯ ರೋಗಿಗಳ ಮಾಹಿತಿಗೆ ವೆಬ್‌ಸೈಟಲ್ಲಿ ಬೀಗ ಹಾಕೋದು ಮರೆತೆ. ನಿನ್ನೆಯಿಂದ ಎಲ್ಲ ಸಂಶೋಧಕರಿಗೂ ಕಾಣ್ತಿದೆ.”

“ಅಯ್ಯೋ ಪುಣ್ಯಾತ್ಗಿತ್ತಿ! ನನ್ನ ಲೇಖನ ಅಚ್ಚಾಗೋವರೆಗೂ ಯಾರಿಗೂ ತೋರಿಸ್ಬೇಡ ಅಂದಿರ್ಲಿಲ್ವಾ?”

“ರೋಗಿಗಳ ಹೆಸರು ಒಂದೂ ಇಲ್ಲ, ಗ್ಯಾರಂಟಿ.”

“ನನ್ನ ಹೆಸರೂ ಇಲ್ದಂಗೆ ಮಾಡ್ತೀಯ ನೀನು! ಯಾರು ನೋಡಿದ್ರು?”

“ಒಬ್ರೇ. ಸಭೇಲೆಲ್ಲ ನಿನ್ನ ಜೊತೆ ಜಗಳ ಆಡ್ತಾರಲ್ಲ, ಆ ಮೀಸೆ ಡಾಕ್ಟರು.”

“ಅವನಾ! ಮುಗೀತು ನನ್ನ ಕಥೆ.”

“ಪೂರ್ತಿ ಕೇಳು. ಅವರ ಹತ್ರಾನೂ ಇದೇ ಗೆಡ್ಡೆಯ ರೋಗಿಗಳಿದಾರಂತೆ. ಎರಡೂ ಸೇರಿಸಿ ನೋಡಿದ್ರೆ ಯಾವ ಔಷಧಿ ನಾಟುತ್ತೆ ಅಂತ ಗೊತ್ತಾಗ್ಬಹುದಂತೆ.”

“ಇಷ್ಟು ವರ್ಷ ಬಾಯೇ ಬಿಡ್ಲಿಲ್ಲ. ಎಂಥ ಗುಮ್ಮನಗುಸುಕ!”

“ನೀನೂ ಬಿಡ್ಲಿಲ್ವಲ್ಲ ಚಿಕ್ಕಮ್ಮ.”

ನರ್ಸಮ್ಮ ನಗು ತಡೆಯಲಾರದೆ ಕೆಮ್ಮಿದಳು.

“ಮೊದ್ಲು ಅವನದನ್ನ ಹಾಕ್ಸು. ಆಮೇಲೆ ನಂದರ ಮಾತು.”

“ನಿಂದು ತೆರೆದೇ ಇದ್ರೆ ಸಂಜೆಗೆ ಅವರೂ ತಮ್ಮದನ್ನ ಹಾಕ್ತಾರಂತೆ. ಬೀಗ ಹಾಕ್ಲಾ, ಬೇಡ್ವಾ?”

ಲಿಫ್ಟ್ ಬಂತು. ಡಾಕ್ಟರಮ್ಮ ಒಳಗೆ ಕಾಲಿಟ್ಟು ತಿರುಗಿದರು.

“ನೀನಿನ್ನೂ ನನಗೇನೂ ಹೇಳೇ ಇಲ್ಲ, ನಾನೇನೂ ಕೇಳೇ ಇಲ್ಲ, ತಿಳೀತಾ?”

ಬಾಗಿಲು ಮುಚ್ಚಿತು. ಕೇಳುವ ಭರದಲ್ಲಿ ನರ್ಸಮ್ಮ ಲಿಫ್ಟ್ ಹತ್ತುವುದನ್ನೇ ಮರೆತಿದ್ದಳು. ಹುಡುಗಿ ಫೋನಿನ ಪರದೆಯ ಮೇಲೆ ಹೆಬ್ಬೆರಳು ಎತ್ತಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಹೊರಟಳು. ಅವಳ ಜಾಗದಲ್ಲಿ ನೀವಿದ್ದಿದ್ದರೆ ಬೀಗ ಹಾಕುತ್ತಿದ್ದಿರಾ?